ಕೈ ಮುಗಿಯದೆ ಬದುಕುವುದು: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ಕುಂದಾಪುರದ ಕಡೆಯ ಹಳ್ಳಿಯಲ್ಲಿ, ಮೂವತ್ತೊಂದು ವರ್ಷಗಳಿಂದ ಇರುವುದು ಡೊಂಬಿವಲಿಯಲ್ಲಿ. ಅಪ್ಪಯ್ಯ ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದವರು. ಶನಿವಾರ ಬಂತೆಂದರೆ ಶನಿಮಹಾತ್ಮೆಯ ಪಾರಾಯಣಕ್ಕೆ ತಪ್ಪದೆ ಕೂರುತ್ತಿದ್ದರು. ಅವರ ಹಿರಿಯ ಮಗನಾದ ನಾನು ಹತ್ತೊಂಬತ್ತನೆಯ ವಯಸ್ಸಿನಿಂದ ದೇವರನ್ನು ನಂಬಿದವನಲ್ಲ. ಇದು ನಮ್ಮವರಿಗೆಲ್ಲ ಗೊತ್ತಿರುವ ಸಂಗತಿಯಾದ್ದರಿಂದ, ಸಂಘದ ಕಾರ್ಯಕ್ರಮ ಮುಗಿದು ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಯಾರಾದರೂ ಹುಡುಗನೋ ಹುಡುಗಿಯೋ ಹತ್ತಿರ ಬಂದು ಮೆಲ್ಲನೆ ಒಂದು ಪ್ರಶ್ನೆ ಕೇಳುತ್ತಾರೆ. ಕೇಳಿದ ಪ್ರಶ್ನೆಗಳೇ ಮತ್ತೆ ಮತ್ತೆ ಬರುತ್ತವೆ. ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ದೇವರಿದ್ದಾನೋ ಇಲ್ಲವೋ ನನಗೆ ಖಚಿತವಿಲ್ಲ. ನಾನು ನಾಸ್ತಿಕನೇ?

ಹೆಸರಿಗೆ ಅವಸರ ಬೇಡ. ದೇವರಿಲ್ಲ ಎಂದು ತೀರ್ಮಾನಿಸಿದವರನ್ನು ನಿರೀಶ್ವರವಾದಿ ಎನ್ನುತ್ತಾರೆ, ಅದನ್ನು ತಿಳಿಯಲು ಸಾಧ್ಯವಿಲ್ಲ ಎನ್ನುವವರನ್ನು ಅಜ್ಞೇಯವಾದಿ. ‘ನಾಸ್ತಿಕ’ ಎಂಬ ಮಾತಿನ ಚರಿತ್ರೆಯೇ ಬೇರೆ. ಹಳೆಯ ದರ್ಶನಗ್ರಂಥಗಳಲ್ಲಿ ಅದು ವೇದವನ್ನು ಪ್ರಮಾಣವೆಂದು ಒಪ್ಪದವರಿಗೆ ಇಟ್ಟ ಹೆಸರು. ಆ ಲೆಕ್ಕದಲ್ಲಿ ಜೈನರೂ ಬೌದ್ಧರೂ, ದೇವರು ಪರಲೋಕ ಯಾವುದನ್ನೂ ಒಪ್ಪದ ಚಾರ್ವಾಕರ ಸಾಲಿನಲ್ಲೇ ಕೂರುತ್ತಾರೆ. ಸೃಷ್ಟಿಕರ್ತನೊಬ್ಬ ಬೇಕಾಗಿಯೇ ಇಲ್ಲ ಎಂದ ಸಾಂಖ್ಯರು, ಮೀಮಾಂಸಕರು ವೇದವನ್ನು ಒಪ್ಪಿದ್ದರಿಂದ ಆಸ್ತಿಕರಾಗಿಯೇ ಉಳಿದರು. ಕಾರ್ಕಳದ ಗೊಮ್ಮಟನ ಪಾದದ ಬಳಿ ನೀವೂ ನಿಂತಿರಬಹುದು. ಅಲ್ಲಿಗೆ ಭಕ್ತಿಯಿಂದ ಬರುವ ಜೈನರ ಧರ್ಮದಲ್ಲಿ ಜಗತ್ತನ್ನು ಸೃಷ್ಟಿಸಿದ ದೇವರಿಲ್ಲ. ‘ಇದೆಲ್ಲ ಪರದೇಶದ ಓದಿನಿಂದ ತಲೆಗೆ ಹತ್ತಿದ್ದು’ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಈ ಮಾತನ್ನು ನೆನಪಿಸಿ. ನಮ್ಮ ನೆಲದಲ್ಲೇ ಇದಕ್ಕೆ ಬೇರುಗಳಿವೆ.

ಮನೆಯವರಿಗೆ ಹೇಳಲೇಬೇಕೇ?

ಹೇಳಲೇಬೇಕೆಂಬ ನಿಯಮವಿಲ್ಲ. ಹೇಳುವುದಾದರೆ ಎಲ್ಲಿ, ಯಾವಾಗ, ಮೊದಲು ಯಾರಿಗೆ ಎಂಬುದನ್ನು ಯೋಚಿಸಿ ಹೇಳಿ. ನಾನು ಯೋಚಿಸಲಿಲ್ಲ.

ಮುಂಬೈಗೆ ಬಂದ ವರ್ಷ ನಾಗರ ಪಂಚಮಿಗೆ ಊರಿಗೆ ಹೋಗಿದ್ದೆ. ಮಳೆ ಹನಿಯುತ್ತಿತ್ತು. ನಾಗಬನದ ಮುಂದೆ ಕುಟುಂಬದ ನಲವತ್ತು ಜನ ನಾಗನಿಗೆ ತನು ಎರೆಯಲು ಎಳನೀರು, ಹಾಲು, ಹಿಂಗಾರ ಹಿಡಿದು ನಿಂತಿದ್ದರು. ನನ್ನ ಸರದಿ ಬಂದಾಗ, ‘ನನಗೆ ಇದರಲ್ಲಿ ನಂಬಿಕೆಯಿಲ್ಲ, ನಾನು ತನು ಎರೆಯುವುದಿಲ್ಲ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ದೊಡ್ಡಪ್ಪ ಗದರಿದರು. ಅಮ್ಮ ಮಾತ್ರ ಒಂದು ಮಾತೂ ಆಡಲಿಲ್ಲ. ನನ್ನ ಕೈಯಲ್ಲಿದ್ದ ಎಳನೀರನ್ನು ತೆಗೆದುಕೊಂಡು, ತಮ್ಮದರ ಜೊತೆಗೆ ಅದನ್ನೂ ಅರ್ಚಕರ ಕೈಗೆ ಕೊಟ್ಟರು. ಕೊಡುವಾಗ ಅವರ ಬೆರಳುಗಳು ನಡುಗುತ್ತಿದ್ದವು.

ಹತ್ತು ವರ್ಷಗಳ ನಂತರ ನಮ್ಮ ಮೊದಲ ಮಗು ಹುಟ್ಟಿದ ಎಂಟನೆಯ ದಿನಕ್ಕೆ ತೀರಿಕೊಂಡಿತು. ಅಮ್ಮ ಯಾರಿಗೂ ಹೇಳದೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ನಾಗದೋಷ ಕಳೆಯಲೆಂದು ಆಶ್ಲೇಷಾ ಬಲಿ ಮಾಡಿಸಿ ಬಂದರು. ಬನದ ಮುಂದೆ ಅಂದು ನಾನು ಆಡಿದ ಮಾತು ಅಷ್ಟು ವರ್ಷ ಅವರ ಎದೆಯೊಳಗೆ ಹೊಗೆಯಾಡುತ್ತಿತ್ತು ಎಂದು ನನಗೆ ತಿಳಿದದ್ದು ಆಗಲೇ. ನಾನು ನನ್ನ ಅಭಿಪ್ರಾಯ ಹೇಳಿದ್ದೆ ಎಂದುಕೊಂಡಿದ್ದೆ. ಅಮ್ಮನ ಕಿವಿಗೆ ಅದು ಮಗನ ಕುಡಿಗೆ ಕೇಡು ತರುವ ಮಾತಾಗಿ ಬಿದ್ದಿತ್ತು. ನಂಬಿಕೆಯಿಲ್ಲದ್ದಕ್ಕೆ ನಾನು ಇಂದಿಗೂ ಪಶ್ಚಾತ್ತಾಪ ಪಟ್ಟಿಲ್ಲ. ಅದನ್ನು ನಲವತ್ತು ಜನರ ಮುಂದೆ, ಅಮ್ಮನಿಗೆ ಉತ್ತರ ಕೊಡಲು ಅವಕಾಶವೇ ಇಲ್ಲದ ಜಾಗದಲ್ಲಿ ಹೇಳಿದ್ದಕ್ಕೆ ಪಟ್ಟಿದ್ದೇನೆ.

ಆದ್ದರಿಂದ ಹಬ್ಬದ ದಿನ, ಪೂಜೆಯ ಹೊತ್ತು, ನೆಂಟರ ಮುಂದೆ ಹೇಳಬೇಡಿ. ಮನೆಯಲ್ಲಿ ನಿಮ್ಮ ಮಾತು ತಾಳ್ಮೆಯಿಂದ ಕೇಳುವವರು ಒಬ್ಬರಾದರೂ ಇರುತ್ತಾರೆ: ಅಕ್ಕನೋ, ಸೋದರಮಾವನೋ, ಕೆಲವೊಮ್ಮೆ ಅಜ್ಜಿಯೋ. ಅವರಿಂದ ಶುರು ಮಾಡಿ. ‘ನಿನಗೆ ಏನಾದರೂ ಆಗಿಬಿಟ್ಟರೆ’ ಎಂದು ತಾಯಿ ಹೇಳಿದಾಗ ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕದೆ, ಅವರು ಯಾವುದಕ್ಕೆ ಹೆದರುತ್ತಿದ್ದಾರೆ ಎಂದು ಕೇಳಿ. ಓದು ಮುಗಿಯದವರಿಗೆ, ಮನೆಯವರ ದುಡ್ಡಿನಲ್ಲೇ ಹಾಸ್ಟೆಲಿನಲ್ಲಿ ಇರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ನನ್ನದು ಒಂದೇ ಸಲಹೆ: ಕಾಲ ಮೇಲೆ ನಿಂತ ಮೇಲೆ ಹೇಳಿ. ಓದು ನಿಲ್ಲಿಸಿ ಮದುವೆ ಮಾಡಿಬಿಟ್ಟ ಉದಾಹರಣೆ ನಮ್ಮ ನಡುವೆಯೇ ಇದೆ. ಕಾಯುವುದು ಹೇಡಿತನವಲ್ಲ.

ಊರಿನ ದೇವಸ್ಥಾನದ ಮುಂಬೈ ಸಮಿತಿಯವರು ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ವಂತಿಗೆ ಕೊಡಬೇಕೇ?

ಕರಾವಳಿಯ ಯಾವ ಹಳ್ಳಿಯ ದೇವಸ್ಥಾನದ ಜೀರ್ಣೋದ್ಧಾರವಾದರೂ ಮುಂಬೈಯಲ್ಲಿ ಅದಕ್ಕೊಂದು ಸಮಿತಿ ಹುಟ್ಟುತ್ತದೆ. ಭಾನುವಾರ ಹನ್ನೊಂದು ಗಂಟೆಗೆ ಬಾಗಿಲು ತಟ್ಟುತ್ತಾರೆ. ಮೂವರೋ ನಾಲ್ವರೋ ಇರುತ್ತಾರೆ, ಒಬ್ಬರ ಕಂಕುಳಲ್ಲಿ ಕಪ್ಪು ಚೀಲ, ಚೀಲದೊಳಗೆ ದೇವರ ಚಿತ್ರವಿರುವ ರಸೀದಿ ಪುಸ್ತಕ ಮತ್ತು ಬ್ರಹ್ಮಕಲಶದ ಆಮಂತ್ರಣ. ಕೂತ ಕೂಡಲೇ ದುಡ್ಡಿನ ಮಾತು ಎತ್ತುವುದಿಲ್ಲ. ಅಮ್ಮನ ಮಂಡಿನೋವು ಹೇಗಿದೆ ಎಂದು ಕೇಳುತ್ತಾರೆ, ಮಗಳ ಓದಿನ ಬಗ್ಗೆ ವಿಚಾರಿಸುತ್ತಾರೆ. ಅಪ್ಪಯ್ಯ ತೀರಿಕೊಂಡ ರಾತ್ರಿ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಇಬ್ಬರು ಇವರೇ. ಇವರಿಗೆ ಬಾಗಿಲಲ್ಲೇ ‘ನಾನು ನಾಸ್ತಿಕ’ ಎಂದು ಹೇಳಿ ಕಳುಹಿಸಲು ನನ್ನಿಂದ ಆಗುವುದಿಲ್ಲ, ಆಗಬಾರದು ಕೂಡ.

ನಾನು ಮಾಡಿಕೊಂಡ ಪದ್ಧತಿ ಹೀಗಿದೆ. ಧ್ವಜಸ್ತಂಭಕ್ಕೆ, ಬೆಳ್ಳಿಯ ಕವಚಕ್ಕೆ, ನನ್ನ ಹೆಸರಿನ ಸೇವೆಗೆ ಕೊಡುವುದಿಲ್ಲ. ಊಟಕ್ಕೆ, ಕುಡಿಯುವ ನೀರಿಗೆ, ಬಂದ ಹೆಂಗಸರಿಗೆ ಶೌಚಾಲಯ ಕಟ್ಟಿಸಲು ಕೊಡುತ್ತೇನೆ, ಆದಷ್ಟು ಧಾರಾಳವಾಗಿ. ಕಳೆದ ಸಲ ಕಾರ್ಯದರ್ಶಿ, ‘ಅಣ್ಣ, ನಿಮ್ಮ ನಕ್ಷತ್ರ ಹೇಳಿ, ಒಂದು ಅರ್ಚನೆ ಮಾಡಿಸಿ ಪ್ರಸಾದ ಕಳುಹಿಸುತ್ತೇವೆ’ ಎಂದರು. ‘ಅರ್ಚನೆ ಬೇಡ, ಸಂತರ್ಪಣೆಯ ಅಕ್ಕಿಗೆ ಎಂದು ಬರೆಯಿರಿ’ ಎಂದೆ. ಅವರು ಪೆನ್ನು ಹಿಡಿದು ಒಂದು ಗಳಿಗೆ ನನ್ನನ್ನೇ ನೋಡಿ, ಆಮೇಲೆ ರಸೀದಿಯಲ್ಲಿ ‘ಅಕ್ಕಿಯ ಬಾಬ್ತು’ ಎಂದು ದುಂಡಗೆ ಬರೆದರು. ಈಗ ಅವರೇ ‘ಅಣ್ಣನದು ಅಕ್ಕಿಯ ಬಾಬ್ತು’ ಎಂದು ಬೇರೆಯವರಿಗೆ ಹೇಳುತ್ತಾರೆ. ಕೊಡದೆ ಇರುವ ಹಕ್ಕೂ ನಿಮಗಿದೆ. ಕೊಡಲಾಗದಿದ್ದರೆ ಕಾಫಿ ಕೊಟ್ಟು ಕೂರಿಸಿ, ಕಾರಣವನ್ನು ನೇರವಾಗಿ ಹೇಳಿ. ಸುಳ್ಳು ನೆಪ ಹೇಳಿದರೆ ಮುಂದಿನ ಭಾನುವಾರ ಮತ್ತೆ ಬರುತ್ತಾರೆ, ನೀವು ಮತ್ತೊಂದು ಸುಳ್ಳು ಹುಡುಕಬೇಕಾಗುತ್ತದೆ.

ಸೊಸೈಟಿಯ ಗಣೇಶೋತ್ಸವ, ಸತ್ಯನಾರಾಯಣ ಪೂಜೆಯಲ್ಲಿ ನಾನು ಏನು ಮಾಡಲಿ?

ನಮ್ಮ ಸೊಸೈಟಿಯಲ್ಲಿ ಪ್ರತಿ ಜನವರಿ 26ರಂದು ಧ್ವಜಾರೋಹಣದ ನಂತರ ಸತ್ಯನಾರಾಯಣ ಪೂಜೆ ನಡೆಯುತ್ತದೆ. ನಾನು ಬೆಳಿಗ್ಗೆಯೇ ಇಳಿದು ಕುರ್ಚಿ ಜೋಡಿಸುತ್ತೇನೆ, ಎರಡನೆಯ ಮಹಡಿಯ ವೃದ್ಧೆಯನ್ನು ಕೈಹಿಡಿದು ಕರೆತರುತ್ತೇನೆ, ಸಂಜೆ ಪಾತ್ರೆ ತೊಳೆಯಲು ನಿಲ್ಲುತ್ತೇನೆ. ಕೈ ಮುಗಿಯುವುದಿಲ್ಲ, ಕೆಲಸಕ್ಕೆ ಕೈ ಜೋಡಿಸುತ್ತೇನೆ. ಆರತಿ ತಟ್ಟೆ ನನ್ನ ಬಳಿ ಬಂದಾಗ ಎರಡೂ ಕೈಯಲ್ಲಿ ಹಿಡಿದು ಪಕ್ಕದವರಿಗೆ ದಾಟಿಸುತ್ತೇನೆ. ಮೊದಲ ವರ್ಷ ಅದನ್ನು ಗಮನಿಸಿ ಪಿಸುಗುಟ್ಟಿದರು. ಐದನೆಯ ವರ್ಷದಿಂದ ಯಾರೂ ಗಮನಿಸುತ್ತಿಲ್ಲ.

ಹಬ್ಬದ ವರ್ಗಣಿ ಇಷ್ಟಪಟ್ಟು ಕೊಡುವಂಥದ್ದು. ಅದನ್ನು ತಿಂಗಳ ನಿರ್ವಹಣಾ ಬಿಲ್ಲಿನೊಳಗೆ ಸೇರಿಸಿದ್ದರೆ ಲಿಖಿತವಾಗಿ ಪ್ರಶ್ನಿಸಿ. ಜಾತಿ ಪಂಚಾಯಿತಿಯಂಥ ಗುಂಪು ಧಾರ್ಮಿಕ ಕಾರ್ಯಕ್ಕೆ ಬರಲಿಲ್ಲವೆಂದು ನಿಮ್ಮ ಕುಟುಂಬದ ಜೊತೆ ಯಾರೂ ಮಾತನಾಡಬಾರದೆಂದು ಕಟ್ಟು ಹಾಕಿದರೆ ಅದು ಮಹಾರಾಷ್ಟ್ರದಲ್ಲಿ ಅಪರಾಧ. ಸಾಮಾಜಿಕ ಬಹಿಷ್ಕಾರದ ವಿರುದ್ಧದ 2016ರ ಕಾಯ್ದೆಯಲ್ಲಿ ಮೂರು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಪೊಲೀಸ್ ಠಾಣೆಗೆ ಹೋಗುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ ನೋಡಿ.

ಪ್ರಸಾದ ತಿನ್ನಬಹುದೇ?

ತಿನ್ನಿ. ಬಾಳೆಹಣ್ಣು, ತುಪ್ಪ, ರವೆ, ಸಕ್ಕರೆ ಸೇರಿಸಿ ಒಬ್ಬ ಹೆಣ್ಣುಮಗಳು ಒಲೆಯ ಮುಂದೆ ನಿಂತು ಮಾಡಿದ ಸಪಾತಭಕ್ಷ್ಯವದು. ನಮ್ಮ ಕೆಲವು ಗೆಳೆಯರು ತತ್ವದ ಹೆಸರಿನಲ್ಲಿ ಬೇಡವೆನ್ನುತ್ತಾರೆ, ಅವರನ್ನು ನಾನು ಗೌರವಿಸುತ್ತೇನೆ. ಆದರೆ ಕೊಟ್ಟ ಕೈಯನ್ನು ನೋಡಿದ ಮೇಲೆ ಬೇಡವೆನ್ನಲು ನನಗೆ ಮನಸ್ಸಾಗಿಲ್ಲ.

ದೇವರನ್ನು ನಂಬುವುದಿಲ್ಲ, ಆದರೆ ಭಜನೆ ಕೇಳಿದರೆ ಕಣ್ಣು ತುಂಬುತ್ತದೆ. ಇದು ಆತ್ಮವಂಚನೆಯೇ?

ಅಲ್ಲವೇ ಅಲ್ಲ. ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಹರಕೆ ಹೊತ್ತವರಿಗೆ ಅದು ದೇವಿಯ ಸೇವೆ. ನನಗೆ ಅದು ಚೆಂಡೆಯ ಪೆಟ್ಟು, ಭಾಗವತರ ಏರುದನಿ, ಮುಂಜಾವದ ಚಳಿಯಲ್ಲಿ ಮಹಿಷಾಸುರ ದೀವಟಿಗೆ ಹಿಡಿದು ಜನರ ನಡುವಿನಿಂದ ಓಡಿಬರುವ ಕ್ಷಣ. ಇಬ್ಬರೂ ಒಂದೇ ಚಾಪೆಯಲ್ಲಿ ಕೂತು ನೋಡುತ್ತೇವೆ. ಮಾತುಂಗದಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಇದ್ದರೆ ಕೊನೆಯ ಲೋಕಲ್ ತಪ್ಪಿದರೂ ಚಿಂತೆಯಿಲ್ಲವೆಂದು ಕೂರುವವನು ನಾನು. ಕರ್ಣನ ಪಾತ್ರಧಾರಿ ಕೃಷ್ಣನ ಮುಖಕ್ಕೇ ಹೇಳುವ ಮಾತುಗಳಿವೆಯಲ್ಲ, ದೇವರನ್ನು ಪ್ರಶ್ನಿಸುವುದನ್ನು ಬಾಲ್ಯದಲ್ಲಿ ನನಗೆ ಕಲಿಸಿದ್ದೇ ಅವು. ದಾಸರ ಪದ ಕೇಳಿ ಗಂಟಲು ಕಟ್ಟಿದರೆ ಕಟ್ಟಲಿ. ಆ ಸ್ವರ, ಆ ಕನ್ನಡ ನಿಮ್ಮ ಆಸ್ತಿಯೂ ಹೌದು.

ಅರ್ಜಿಗಳಲ್ಲಿ ‘ಧರ್ಮ’ ಎಂಬಲ್ಲಿ ಏನು ಬರೆಯಲಿ?

‘ಇಲ್ಲ’ ಎಂದು ಬರೆಯುವ ಹಕ್ಕು ನಿಮಗಿದೆ. ಬಾಂಬೆ ಹೈಕೋರ್ಟ್ 2014ರ ಸೆಪ್ಟೆಂಬರಿನಲ್ಲಿ ಈ ವಿಷಯದಲ್ಲಿ ಸ್ಪಷ್ಟ ತೀರ್ಪು ಕೊಟ್ಟಿದೆ. ಯಾವ ಧರ್ಮಕ್ಕೂ ಸೇರಿಲ್ಲ ಎಂದು ಹೇಳಿಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಇದೆ, ಧರ್ಮ ಯಾವುದೆಂದು ಹೇಳುವಂತೆ ಸರ್ಕಾರ ಯಾರನ್ನೂ ಬಲವಂತಪಡಿಸುವಂತಿಲ್ಲ ಎಂಬುದು ಅದರ ಸಾರ. ಸಂವಿಧಾನದ 25ನೆಯ ವಿಧಿಯಲ್ಲಿರುವ ಮನಸ್ಸಾಕ್ಷಿಯ ಸ್ವಾತಂತ್ರ್ಯವೇ ಇದಕ್ಕೆ ಆಧಾರ. 2011ರ ಜನಗಣತಿಯಲ್ಲಿ ಸುಮಾರು 28.7 ಲಕ್ಷ ಜನ, ಅಂದರೆ ದೇಶದ ಶೇಕಡಾ 0.24ರಷ್ಟು ಮಂದಿ, ‘ಧರ್ಮ ತಿಳಿಸಿಲ್ಲ’ ಎಂಬ ಲೆಕ್ಕದಲ್ಲಿದ್ದರು. ಅವರೆಲ್ಲ ನಂಬಿಕೆಯಿಲ್ಲದವರೆಂದು ಹೇಳಲಾಗದು. ಆ ಕಾಲಂ ಖಾಲಿ ಬಿಡಬಹುದು ಎಂಬುದಂತೂ ನಿಜ.

ಒಂದು ಎಚ್ಚರಿಕೆ. ಪರಿಶಿಷ್ಟ ಜಾತಿಯ ಮನ್ನಣೆಯನ್ನು 1950ರ ಆದೇಶ ಧರ್ಮಕ್ಕೆ ಕಟ್ಟಿಹಾಕಿದೆ: ಹಿಂದೂಗಳಿಗೆ ಮೊದಲಿನಿಂದ, ಸಿಖ್ಖರಿಗೆ 1956ರಿಂದ, ಬೌದ್ಧರಿಗೆ 1990ರಿಂದ. ಪರಿಶಿಷ್ಟ ಪಂಗಡಕ್ಕೆ ಈ ಕಟ್ಟು ಇಲ್ಲ. ದಲಿತ ಕುಟುಂಬದ ಹುಡುಗ ಉತ್ಸಾಹದಲ್ಲಿ ‘ಇಲ್ಲ’ ಎಂದು ಬರೆದರೆ ಮುಂದೆ ಜಾತಿ ಪ್ರಮಾಣಪತ್ರದ ಪರಿಶೀಲನೆಯಲ್ಲಿ ತೊಡಕಾಗಬಹುದು. ವಕೀಲರನ್ನು ಕೇಳದೆ ಈ ಹೆಜ್ಜೆ ಇಡಬೇಡಿ. ಹುಟ್ಟಿನಿಂದ ಹಿಂದೂಗಳಾದ ಉಳಿದವರಿಗೆ ಮದುವೆ, ಆಸ್ತಿಯ ವಿಷಯದಲ್ಲಿ ಹಿಂದೂ ಕಾನೂನೇ ಅನ್ವಯಿಸುತ್ತದೆ. ನೀವು ದೇವರನ್ನು ನಂಬುತ್ತೀರಾ ಎಂದು ಆ ಕಾನೂನು ಎಲ್ಲೂ ಕೇಳುವುದಿಲ್ಲ.

ನ್ಯಾಯಾಲಯದಲ್ಲಿ ದೇವರ ಮೇಲೆ ಪ್ರಮಾಣ ಮಾಡಲೇಬೇಕೇ?

ಬೇಡ. ‘ಸತ್ಯನಿಷ್ಠೆಯಿಂದ ಹೇಳುತ್ತೇನೆ’ ಎಂದರೆ ಸಾಕು, 1969ರ ಪ್ರಮಾಣ ಕಾಯ್ದೆ ಅದನ್ನು ಒಪ್ಪುತ್ತದೆ. ಶಾಸಕರೂ ಮಂತ್ರಿಗಳೂ ಹಾಗೆಯೇ ಪ್ರತಿಜ್ಞೆ ಸ್ವೀಕರಿಸಬಹುದು. ನಮ್ಮ ಸಂವಿಧಾನದ ಪೀಠಿಕೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂದು 1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆಯಲ್ಲಿ ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧವಾಗಿ 68 ಬಂದವು. ವಿರೋಧಿಸಿದವರಲ್ಲಿ ಆಳವಾದ ದೈವಭಕ್ತರೂ ಇದ್ದರು. ನಂಬಿಕೆಯನ್ನು ಎಲ್ಲರ ಮೇಲೆ ಹೇರಬಾರದು ಎಂಬುದು ಅವರ ವಾದವಾಗಿತ್ತು. ಆ 68 ಮಂದಿಯನ್ನು ನೆನೆದಾಗ ನನಗೆ ಈ ದೇಶದ ಮೇಲೆ ಪ್ರೀತಿ ಉಕ್ಕುತ್ತದೆ.

ಪುರೋಹಿತರಿಲ್ಲದೆ ಮದುವೆಯಾಗುವುದು ಹೇಗೆ?

1954ರ ವಿಶೇಷ ವಿವಾಹ ಕಾಯ್ದೆಯಡಿ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು. ವಿವಾಹಾಧಿಕಾರಿಗೆ ನೋಟಿಸ್ ಕೊಟ್ಟ ಮೇಲೆ ಅದನ್ನು ಕಚೇರಿಯಲ್ಲಿ 30 ದಿನ ಪ್ರಕಟಿಸುತ್ತಾರೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ, ಮೂವರು ಸಾಕ್ಷಿಗಳ ಮುಂದೆ ಸಹಿ ಹಾಕಬೇಕು. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ವಯಸ್ಸು, ಜೀವಂತ ಪತಿ ಅಥವಾ ಪತ್ನಿ, ನಿಷಿದ್ಧ ಸಂಬಂಧ, ಮಾನಸಿಕ ಸ್ಥಿತಿ, ಇಂಥ ಕಾರಣಗಳಿಗೆ ಮಾತ್ರ ಆಕ್ಷೇಪ ನಿಲ್ಲುತ್ತದೆ. ಅಪ್ಪ ಅಮ್ಮನಿಗೆ ಇಷ್ಟವಿಲ್ಲ, ಜಾತಿ ಬೇರೆ ಎಂಬುದು ಆಕ್ಷೇಪವೇ ಅಲ್ಲ. ಇಬ್ಬರೂ ಹಿಂದೂಗಳಾಗಿದ್ದರೆ ಆಸ್ತಿಯ ಹಕ್ಕಿಗೆ ಹಿಂದೂ ಉತ್ತರಾಧಿಕಾರ ಕಾನೂನೇ ಮುಂದುವರಿಯುತ್ತದೆ, ಆ ಭಯ ಬೇಡ. ಇದೇ ಹೆಸರಿನ 1872ರ ಹಳೆಯ ಕಾಯ್ದೆಯಡಿ ಮದುವೆಯಾಗಬೇಕಿದ್ದರೆ ‘ನಾನು ಹಿಂದೂವೂ ಅಲ್ಲ, ಮುಸ್ಲಿಮನೂ ಅಲ್ಲ, ಕ್ರೈಸ್ತನೂ ಅಲ್ಲ’ ಎಂದು ಘೋಷಿಸಬೇಕಿತ್ತು. ಈಗ ಆ ಗೊಡವೆಯಿಲ್ಲ.

ಗೋವಾದಲ್ಲಿರುವವರಿಗೆ ದಾರಿ ಬೇರೆ. ಅಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯಂತೆ ನೋಂದಣಿಯೇ ಮುಖ್ಯ. ನೋಂದಣಾಧಿಕಾರಿಯ ಮುಂದೆ ಎರಡು ಹಂತದಲ್ಲಿ ಸಹಿ ಹಾಕುತ್ತಾರೆ.

ಕಾನೂನು ಸುಲಭ. ಅತ್ತೆ ಮಾವಂದಿರಿಗೆ ‘ಧಾರೆ ಎರೆಯದೆ ಮಗಳನ್ನು ಹೇಗೆ ಕಳುಹಿಸುವುದು’ ಎಂಬ ಸಂಕಟ ಇರುತ್ತದೆ, ಅದು ಕಷ್ಟ. ನನ್ನ ಮದುವೆಯಲ್ಲಿ ಬೆಳಿಗ್ಗೆ ಸಹಿ ಹಾಕಿ, ಮಧ್ಯಾಹ್ನ ಇನ್ನೂರು ಜನರಿಗೆ ಬಾಳೆಲೆಯಲ್ಲಿ ಊಟ ಹಾಕಿದೆವು. ನನ್ನ ಹೆಂಡತಿ ದೈವಭಕ್ತೆ. ಅವಳ ಅಪ್ಪ ಊಟಕ್ಕೆ ಮೊದಲು ಎದ್ದು ನಿಂತು ಮಗಳ ಬಗ್ಗೆ ನಾಲ್ಕು ಮಾತನಾಡಿದರು, ಅವಳ ಕೈಯನ್ನು ನನ್ನ ಕೈಯಲ್ಲಿಟ್ಟರು. ನೀರು ಎರೆಯಲಿಲ್ಲ, ಆದರೆ ಅವರ ಕಣ್ಣೀರು ನನ್ನ ಕೈಮೇಲೆ ಬಿತ್ತು.

ಮಕ್ಕಳನ್ನು ಹೇಗೆ ಬೆಳೆಸಲಿ? ಹೆಂಡತಿ ನಂಬುತ್ತಾಳೆ, ನಾನು ನಂಬುವುದಿಲ್ಲ.

ನಮ್ಮ ಮನೆಯೇ ಹಾಗಿದೆ. ಹೆಂಡತಿ ತುಳಸಿಗೆ ನೀರೆರೆಯುತ್ತಾಳೆ, ಸಂಜೆ ದೀಪ ಹಚ್ಚುತ್ತಾಳೆ. ಮಗಳು ಆರು ವರ್ಷದವಳಿದ್ದಾಗ, ‘ಅಮ್ಮ ದೇವರಿದ್ದಾನೆ ಅನ್ನುತ್ತಾಳೆ, ನೀವು ಇಲ್ಲ ಅನ್ನುತ್ತೀರಿ, ಸುಳ್ಳು ಹೇಳುತ್ತಿರುವುದು ಯಾರು?’ ಎಂದು ಕೇಳಿದಳು. ನಾವಿಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರಿಗೂ ಅನಿಸಿದ್ದು ಬೇರೆ, ನಿನಗೆ ಏನನಿಸುತ್ತದೋ ದೊಡ್ಡವಳಾಗಿ ಹೇಳು ಎಂದೆವು. ಅವಳ ನಿದ್ದೆ ಕೆಡಿಸುವ ಎರಡು ಮಾತುಗಳನ್ನು ಮನೆಯಲ್ಲಿ ಯಾರೂ ಆಡಬಾರದೆಂದು ಮಾತ್ರ ಒಪ್ಪಂದ ಮಾಡಿಕೊಂಡೆವು. ‘ದೇವರು ಶಿಕ್ಷೆ ಕೊಡುತ್ತಾನೆ’ ಎಂದು ಹೆಂಡತಿ ಹೇಳುವಂತಿಲ್ಲ, ‘ನಿನ್ನ ಅಮ್ಮನಿಗೆ ತಿಳಿಯುವುದಿಲ್ಲ’ ಎಂದು ನಾನು ಹೇಳುವಂತಿಲ್ಲ.

ಶಾಲೆಯ ಪ್ರಾರ್ಥನೆಯ ಬಗ್ಗೆ ಕೇಳುವವರಿಗೆ: ಸಂವಿಧಾನದ 28ನೆಯ ವಿಧಿ ಓದಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. ನಾಸಿಕ್‌ನ ಶಿಕ್ಷಕರೊಬ್ಬರು ಪ್ರಾರ್ಥನೆಯ ಹೊತ್ತಿನಲ್ಲಿ ಕೈ ಮುಗಿಯಲಿಲ್ಲವೆಂದು ಬಡ್ತಿಯ ವೇತನ ತಡೆದಾಗ, 2013ರಲ್ಲಿ ಬಾಂಬೆ ಹೈಕೋರ್ಟ್ ಅವರ ಪರ ನಿಂತಿತು. ಆದರೆ ಮಗುವನ್ನು ತರಗತಿಯಲ್ಲಿ ಒಂಟಿಯಾಗಿ ನಿಲ್ಲಿಸುವ ಮೊದಲು ಅದನ್ನೇ ಕೇಳಿ. ನಿಮ್ಮ ಹೋರಾಟವನ್ನು ಅದರ ಪುಟ್ಟ ಹೆಗಲಿಗೆ ಹೊರಿಸಬೇಡಿ.

ದೇವರನ್ನು ಬಿಟ್ಟೆ. ಜಾತಿ ಸಂಘದ ಸದಸ್ಯತ್ವವನ್ನೂ ಬಿಡಬೇಕೇ?

ಈ ಪ್ರಶ್ನೆ ಕೇಳುವವರು ಕಡಿಮೆ. ಇನ್ನೂ ಹೆಚ್ಚು ಜನ ಕೇಳಬೇಕಿತ್ತು. ಮುಂಬೈಯಲ್ಲಿ ನಮ್ಮವರ ಬದುಕು ನಿಂತಿರುವುದೇ ಇಂಥ ಸಂಘಗಳ ಮೇಲೆ. ಮೊಗವೀರರ ಮಂಡಳಿ 1902ರಷ್ಟು ಹಳೆಯದು. ಬಂಟರು, ಬಿಲ್ಲವರು, ಎಲ್ಲರಿಗೂ ಸಂಘಗಳಿವೆ. ವಿದ್ಯಾರ್ಥಿವೇತನ, ಆಸ್ಪತ್ರೆಯ ನೆರವು, ಕೆಲಸದ ಶಿಫಾರಸು ಎಲ್ಲವೂ ಅಲ್ಲಿಂದಲೇ ಬರುತ್ತವೆ. ನಾನೂ ಆ ನೆರವು ಪಡೆದೇ ಓದಿದವನು, ಅದಕ್ಕೆ ಕೃತಜ್ಞ.

ಆದರೆ ಗಮನಿಸಿ ನೋಡಿದ್ದೇನೆ: ದೇವರನ್ನು ಬಿಡುವುದು ನಮ್ಮಲ್ಲಿ ಅನೇಕರಿಗೆ ಸುಲಭವಾಯಿತು, ಜಾತಿಯನ್ನು ಬಿಡುವುದು ಆಗಲಿಲ್ಲ. ದೇವರಿಲ್ಲವೆಂದು ವಾದಿಸುವ ಗೆಳೆಯ ಮಗನಿಗೆ ಹೆಣ್ಣು ಹುಡುಕುವಾಗ ‘ನಮ್ಮವರೇ ಆದರೆ ಒಳ್ಳೆಯದು’ ಎನ್ನುತ್ತಾನೆ. ಜೋತಿಬಾ ಫುಲೆ 1873ರಲ್ಲಿ ಪುಣೆಯಲ್ಲಿ ಸತ್ಯಶೋಧಕ ಸಮಾಜ ಕಟ್ಟಿದಾಗ ಸೃಷ್ಟಿಕರ್ತನನ್ನು ನಿರಾಕರಿಸಲಿಲ್ಲ. ಮಧ್ಯವರ್ತಿ ಪುರೋಹಿತನನ್ನೂ ಹುಟ್ಟಿನ ಮೇಲುಕೀಳನ್ನೂ ನಿರಾಕರಿಸಿದರು. ನನಗೆ ಆ ಗೆಳೆಯನಿಗಿಂತ ಫುಲೆ ಎಷ್ಟೋ ಹತ್ತಿರದವರೆನಿಸುತ್ತಾರೆ. ನಾನು ಸಂಘದಲ್ಲಿ ಉಳಿದಿದ್ದೇನೆ. ವಿದ್ಯಾರ್ಥಿವೇತನವನ್ನು ಬೇರೆ ಸಮುದಾಯದ ಬಡ ಮಕ್ಕಳಿಗೂ ಕೊಡಬೇಕೆಂದು ಪ್ರತಿ ಮಹಾಸಭೆಯಲ್ಲಿ ಎದ್ದು ಕೇಳುತ್ತೇನೆ. ಇನ್ನೂ ಒಪ್ಪಿಲ್ಲ. ಬರುವ ವರ್ಷ ಮತ್ತೆ ಕೇಳುತ್ತೇನೆ.

ಬೇರೆಯವರ ನಂಬಿಕೆ ಅವರಿಗೆ ಬಿಟ್ಟದ್ದು ಎಂದು ಸುಮ್ಮನಿರಬೇಕೇ?

ಹೆಚ್ಚಿನ ಸಂದರ್ಭಗಳಲ್ಲಿ, ಹೌದು. ಜೀವಕ್ಕೋ ಮಾನಕ್ಕೋ ಕುತ್ತು ಬಂದಾಗ ಸುಮ್ಮನಿರಬಾರದು. ನನ್ನ ಸೋದರತ್ತೆಗೆ ಎದೆಯಲ್ಲಿ ಗಂಟು ಕಂಡಾಗ ಒಬ್ಬ ಮಂತ್ರವಾದಿ, ‘ಕತ್ತಿ ತಾಗಿಸಬೇಡಿ, ನೂಲು ಕಟ್ಟುತ್ತೇನೆ’ ಎಂದ. ಏಳು ತಿಂಗಳು ನೂಲು ಕಟ್ಟಿಕೊಂಡು ಇದ್ದರು. ನನಗೆ ವಿಷಯ ತಿಳಿದಿತ್ತು. ನಂಬಿಕೆಗೆ ನೋವಾಗಬಾರದೆಂದು ಸುಮ್ಮನಿದ್ದೆ. ಕೊನೆಗೆ ಪರೇಲಿನ ಆಸ್ಪತ್ರೆಗೆ ಕರೆತಂದಾಗ ವೈದ್ಯರು ಮೊದಲು ಕೇಳಿದ್ದು, ‘ಇಷ್ಟು ದಿನ ಎಲ್ಲಿದ್ದಿರಿ?’ ಎಂದು. ಅತ್ತೆ ನನ್ನತ್ತ ನೋಡಿದರು. ಆ ನೋಟಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಮಹಾರಾಷ್ಟ್ರದಲ್ಲಿ 2013ರಿಂದ ಇಂಥವರ ವಿರುದ್ಧ ಕಾಯ್ದೆಯಿದೆ. ಆರು ತಿಂಗಳಿಂದ ಏಳು ವರ್ಷಗಳವರೆಗೆ ಸೆರೆ, 5,000ದಿಂದ 50,000 ರೂಪಾಯಿವರೆಗೆ ದಂಡ. ಹರಿಕಥೆ, ಕೀರ್ತನೆ, ಯಾತ್ರೆ, ಪ್ರದಕ್ಷಿಣೆ ಯಾವುದನ್ನೂ ಅದು ಮುಟ್ಟುವುದಿಲ್ಲ. ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಮಂತ್ರವಾದಿ ಔಷಧಿ ನಿಲ್ಲಿಸಲು ಹೇಳಿದ್ದು ಕಿವಿಗೆ ಬಿದ್ದ ದಿನವೇ ರಂಪವಾದರೂ ಆಗಲಿ, ಬಾಯಿ ಬಿಡಿ.

ಬಹಿರಂಗವಾಗಿ ಮಾತನಾಡುವುದು ಅಪಾಯವೇ?

ಅಪಾಯ ಇಲ್ಲವೆಂದು ಹೇಳಿ ನಿಮ್ಮನ್ನು ಮೋಸಗೊಳಿಸಲಾರೆ. ಮೇಲೆ ಹೇಳಿದ ಮಹಾರಾಷ್ಟ್ರದ ಕಾಯ್ದೆಗಾಗಿ ವರ್ಷಗಟ್ಟಲೆ ದುಡಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಬೆಳಗಿನ ನಡಿಗೆಯ ಹೊತ್ತಿನಲ್ಲಿ ಗುಂಡಿಟ್ಟು ಕೊಂದರು. ಅವರು ಭಕ್ತರನ್ನು ಹೀಯಾಳಿಸಿದವರಲ್ಲ. ದೇವರ ಹೆಸರಿನ ಸುಲಿಗೆಯನ್ನು ಎದುರಿಸಿದವರು. ಆ ಕಾಯ್ದೆ ಮೊದಲು ಸುಗ್ರೀವಾಜ್ಞೆಯಾಗಿ ಬಂದದ್ದು ಅವರು ಸತ್ತ ಕೆಲವೇ ದಿನಗಳಲ್ಲಿ. 2024ರ ಮೇ ತಿಂಗಳಲ್ಲಿ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟು ಮೂವರನ್ನು ಖುಲಾಸೆ ಮಾಡಿತು. 2015ರಲ್ಲಿ ಕೊಲ್ಹಾಪುರದ ಕಮ್ಯುನಿಸ್ಟ್ ನಾಯಕ ಗೋವಿಂದ ಪಾನ್ಸರೆ, ಅದೇ ವರ್ಷ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು.

ದಾಭೋಲ್ಕರ್ ಬಿದ್ದ ಸೇತುವೆಗೆ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರ ಹೆಸರಿದೆ. ಅಸ್ಪೃಶ್ಯತೆಯ ವಿರುದ್ಧ ಬದುಕನ್ನೇ ಸವೆಸಿದ ಶಿಂದೆ ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ, ಅವರು ದೈವಭಕ್ತರು. ಪುಣೆಗೆ ಹೋದಾಗಲೆಲ್ಲ ಆ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇದೇ ಪುಣೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸಂಪ್ರದಾಯಸ್ಥರು ಸಮಾಜ ಸುಧಾರಕ ಗೋಪಾಲ ಗಣೇಶ ಆಗರ್ಕರ್ ಅವರು ಬದುಕಿರುವಾಗಲೇ ಅವರ ಅಣಕು ಶವಯಾತ್ರೆ ಹೊರಡಿಸಿದ್ದರು. ಆಗರ್ಕರ್ ಬರೆಯುವುದನ್ನು ನಿಲ್ಲಿಸಲಿಲ್ಲ.

ನಿತ್ಯದ ಬದುಕಿಗೆ ಬೇಕಾದ ಮಾತು: ದೇವರಿಲ್ಲವೆಂದು ಹೇಳುವುದು ಅಪರಾಧವಲ್ಲ. ಧಾರ್ಮಿಕ ಭಾವನೆಯನ್ನು ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಕೆರಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆಯಾಗಬಹುದು. ದೇವರ ಚಿತ್ರವನ್ನು ವಿಕಾರಗೊಳಿಸಿ ಮೊಬೈಲಿನಲ್ಲಿ ಹಂಚುವ ಹುಡುಗರಿಗೆ ನಾನು ಕಠಿಣವಾಗಿಯೇ ಹೇಳುತ್ತೇನೆ: ಅದರಿಂದ ಯಾರ ತಲೆಯಲ್ಲೂ ಒಂದು ಪ್ರಶ್ನೆಯೂ ಹುಟ್ಟುವುದಿಲ್ಲ.

ಕಷ್ಟ ಬಂದಾಗ ಯಾರನ್ನು ಕರೆಯುತ್ತೀರಿ?

ಜನರನ್ನು. ಮಗು ಹೋದ ರಾತ್ರಿ ಪಕ್ಕದ ಮನೆಯ ಮರಾಠಿ ಅಕ್ಕ ನಮ್ಮಿಬ್ಬರಿಗೂ ಬಲವಂತವಾಗಿ ಗಂಜಿ ಕುಡಿಸಿದರು, ಬೆಳಗಿನವರೆಗೆ ಹೆಂಡತಿಯ ತಲೆ ನೇವರಿಸುತ್ತ ಕೂತರು. ಹೆಂಡತಿಗೆ ಆ ದಿನಗಳಲ್ಲಿ ದೇವರು ಆಸರೆಯಾದ. ನನಗೆ ಆಗಲಿಲ್ಲ. ‘ಎಲ್ಲವೂ ಯಾವುದೋ ಕಾರಣಕ್ಕೆ’ ಎಂಬ ಮಾತು ಕೇಳಿದಾಗ ಮೈ ಉರಿಯುತ್ತಿತ್ತು. ಕಾರಣವಿಲ್ಲದೆಯೂ ಮಗು ಸಾಯುತ್ತದೆ, ಅದರಲ್ಲಿ ಯಾರ ತಪ್ಪೂ ಇಲ್ಲ, ನನ್ನದೂ ಇಲ್ಲ ಎಂದು ತಿಳಿದದ್ದೇ ನನಗೆ ಸಿಕ್ಕ ಸಮಾಧಾನ. ಅದು ಚಿಕ್ಕ ಸಮಾಧಾನ, ನಿಧಾನವಾಗಿ ಬಂತು.

ಅಪ್ಪ ಅಮ್ಮನ ಉತ್ತರಕ್ರಿಯೆ ಮಾಡಬೇಕೇ?

ಅಪ್ಪಯ್ಯ ಕೊನೆಯ ಸಲ ಆಸ್ಪತ್ರೆಗೆ ಸೇರುವ ಮೊದಲು, ‘ನೀನು ನಂಬುವುದಿಲ್ಲ, ನನಗೆ ಗೊತ್ತು. ಆದರೂ ನನ್ನ ಕೆಲಸ ನೀನೇ ಮಾಡು’ ಎಂದಿದ್ದರು. ಮಾಡಿದೆ. ವಾಲ್ಕೇಶ್ವರದ ಬಾಣಗಂಗೆಯ ಮೆಟ್ಟಿಲ ಮೇಲೆ ಒದ್ದೆ ಪಂಚೆಯಲ್ಲಿ ಕೂತು, ಪುರೋಹಿತರಿಗೆ ಮೊದಲೇ ನಿಜ ಹೇಳಿದೆ. ವಯಸ್ಸಾದವರು ಅವರು. ‘ಕೈ ನಿಮ್ಮದು, ಶ್ರದ್ಧೆ ತೀರಿಹೋದವರದು, ಸಾಕು’ ಎಂದರು. ಅಕ್ಕಿಯ ಪಿಂಡ ಕೈಯಲ್ಲಿ ಬೆಚ್ಚಗಿತ್ತು. ಕಾಗೆ ಬರಲು ತಡವಾಯಿತು, ಚಿಕ್ಕಪ್ಪ ಒಮ್ಮೆ ನನ್ನ ಕಡೆ ನೋಡಿ ಮುಖ ತಿರುಗಿಸಿದರು. ನನಗೆ ಆಗ ನೆನಪಾದದ್ದು ಮೇಜು ಒರೆಸಿ ಒರೆಸಿ ಬಿಳಿಚಿಹೋಗಿದ್ದ ಅಪ್ಪಯ್ಯನ ಬೆರಳ ತುದಿಗಳು.

ಇದನ್ನು ಬೂಟಾಟಿಕೆ ಎಂದವರಿದ್ದಾರೆ. ನಾನು ಮಂತ್ರವನ್ನು ನಂಬಿದಂತೆ ನಟಿಸಲಿಲ್ಲ, ಅಪ್ಪಯ್ಯನಿಗೆ ಕೊಟ್ಟ ಮಾತು ನಡೆಸಿದೆ. ನಿಮ್ಮ ತಂದೆ ಏನೂ ಕೇಳದೆ ಹೋಗಿದ್ದರೆ ನೀವು ಮಾಡಬೇಕಾಗಿಲ್ಲ, ತಮ್ಮನೋ ತಂಗಿಯೋ ಮಾಡಲಿ. ವರ್ಷದ ಶ್ರಾದ್ಧ ನಾನು ಮಾಡುವುದಿಲ್ಲ. ಆ ತಿಥಿಯಂದು ಹೋಟೆಲಿನಲ್ಲಿ ದುಡಿಯುವ ಒಬ್ಬ ಹುಡುಗನ ಪರೀಕ್ಷಾ ಶುಲ್ಕ ಕಟ್ಟುತ್ತೇನೆ.

ನಾನು ಸತ್ತ ಮೇಲೆ ಯಾವ ಕ್ರಿಯೆಯೂ ಬೇಡ. ಏನು ಮಾಡಬೇಕು?

ಬರೆದಿಡಿ, ಮನೆಯವರಿಗೆ ಬಾಯಿಬಿಟ್ಟು ಹೇಳಿ. ದೇಹದಾನಕ್ಕೆ ಪರೇಲಿನ ಕೆಇಎಂ, ಭಾಯಖಳದ ಜೆಜೆ, ಸಾಯನ್ ಆಸ್ಪತ್ರೆಗಳ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಮರಣೋತ್ತರ ಪರೀಕ್ಷೆ ಆಗಿದ್ದರೆ, ಕೆಲವು ಸೋಂಕು ರೋಗಗಳಿದ್ದರೆ ದೇಹವನ್ನು ತೆಗೆದುಕೊಳ್ಳುವುದಿಲ್ಲ. ಕಣ್ಣುಗಳನ್ನು ಆರು ಗಂಟೆಯೊಳಗೆ ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಇಡಿ. ನೀವು ಎಷ್ಟೇ ಅರ್ಜಿ ತುಂಬಿದ್ದರೂ ಕೊನೆಯಲ್ಲಿ ಆಸ್ಪತ್ರೆಗೆ ಕರೆ ಮಾಡಬೇಕಾದವರು ನಿಮ್ಮ ಮನೆಯವರು. ಅವರ ಮನಸ್ಸು ಒಪ್ಪದಿದ್ದರೆ ನಿಮ್ಮ ಕಾಗದ ಕಾಗದವಾಗಿಯೇ ಉಳಿಯುತ್ತದೆ.

ನಾನು ಎರಡೂ ಅರ್ಜಿಗಳನ್ನು ತಂದು ಹೆಂಡತಿಯ ಮುಂದೆ ಇಟ್ಟೆ. ಕಣ್ಣಿನ ಅರ್ಜಿಗೆ ಅಂದೇ ಸಾಕ್ಷಿ ಹಾಕಿದಳು. ಇನ್ನೊಂದನ್ನು ಓದಿ, ‘ನಿಮ್ಮ ಬೂದಿಯನ್ನಾದರೂ ನನಗೆ ಬಿಡುವುದಿಲ್ಲವೇ?’ ಎಂದು ಕೇಳಿದಳು. ಆ ಅರ್ಜಿ ಕಪಾಟಿನಲ್ಲಿ ಅವಳ ಪಂಚಾಂಗದ ಕೆಳಗಿದೆ. ನನ್ನ ಸಹಿ ಇದೆ, ಅವಳದು ಇಲ್ಲ. ನಾನು ಮತ್ತೆ ಕೇಳಿಲ್ಲ.